ರೆಕ್ಕೆಯ ಕುದುರೆಯೂ ಅವಸರದ ತೀರ್ಪೂ

ಮಕ್ಕಳ ಕೈಯಲ್ಲಿ ಹೊಸ ಪುಸ್ತಕವೊಂದನ್ನು ಕಂಡಾಗ ಹೆತ್ತವರು ನಮ್ಮ ಬಳಿಗೆ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಹಜ್ರತ್, ಇದನ್ನು ಓದಬಹುದೇ?’ ಬಹಳ ವರ್ಷ ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿತ್ತು. ಮುಖಪುಟದಲ್ಲಿ ಮಂತ್ರದಂಡವೋ, ಪೊರಕೆಯ ಮೇಲೆ ಹಾರುವ ಹುಡುಗನೋ ಕಂಡರೆ ‘ಬೇಡ’ ಎಂದುಬಿಡುತ್ತಿದ್ದೆವು. ಒಳಗಿನ ಪುಟವನ್ನು ತೆರೆದು ನೋಡುವ ಅಗತ್ಯ ನಮಗೆ ಕಂಡಿರಲಿಲ್ಲ. ಆ ಉತ್ತರವನ್ನು ನಾವು ನಮ್ಮ ಮನೆಯಲ್ಲಿಯೇ, ನಮ್ಮ ಮಗಳ ಮುಂದೆಯೇ ಹಿಂದಕ್ಕೆ ಪಡೆಯಬೇಕಾಯಿತು. ನಮ್ಮಂತೆಯೇ ಅವಸರಪಡುವ ತಂದೆತಾಯಂದಿರಿಗೆ ಉಪಯೋಗವಾದೀತೆಂಬ ಆಸೆಯಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ. ನಾರದಮುನಿಯ ದೇವಸ್ಥಾನದಿಂದಾಗಿ ಸುತ್ತಲ ಸೀಮೆಗೆಲ್ಲ ಪರಿಚಿತವಾದ ಊರು. ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಊರು ಮಾತ್ರ ಇದ್ದಲ್ಲಿಯೇ ಇದೆ. ಬೆಳಿಗ್ಗೆ ಮತ್ತು ಮಗ್ರಿಬ್‌ನ ನಂತರ ಮಕ್ಕಳಿಗೆ ಕುರ್‌ಆನ್ ಪಾಠ ಹೇಳುವುದು ನಮ್ಮ ಕೆಲಸ. ಮದ್ರಸಾ ಶಿಕ್ಷಣದ ನಂತರ ಕನ್ನಡದಲ್ಲಿ ಬಿ.ಎ. ಮಾಡಿದವರಾದ್ದರಿಂದ ಪುಸ್ತಕಗಳೊಂದಿಗೆ ನಂಟು ಉಳಿದಿದೆ. ಆದರೆ ಇಂಗ್ಲಿಷ್ ಕಾದಂಬರಿಗಳು ನಮ್ಮ ಮನೆಗೆ ಬರುವುದು ಬೇಸಿಗೆ ರಜೆಯಲ್ಲಿ, ದಾವಣಗೆರೆಯ ತಂಗಿಯ ಮಕ್ಕಳ ಚೀಲದಲ್ಲಿ.

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಹಾಗೆ ಬಂದದ್ದು ಹ್ಯಾರಿ ಪಾಟರ್ ಮಾಲೆಯ ಮೊದಲ ಪುಸ್ತಕ. ಎಂಟನೆಯ ತರಗತಿ ಮುಗಿಸಿದ್ದ ನಮ್ಮ ಹಿರಿಯ ಮಗಳು ಪಡಸಾಲೆಯ ಕಂಬಕ್ಕೆ ಒರಗಿ ಅದನ್ನು ಓದುತ್ತಿದ್ದಳು. ಆ ಹೊತ್ತಿಗೆ ಮನೆಗೆ ಬಂದಿದ್ದ ಅತಿಥಿಯೊಬ್ಬರು, ‘ಮಕ್ಕಳಿಗೆ ದೀನ್ ಕಲಿಸುವವರ ಮನೆಯಲ್ಲಿಯೇ ಜಾದೂ ಪುಸ್ತಕವೇ?’ ಎಂದು ನಕ್ಕರು. ಆ ನಗು ನಮಗೆ ಚುಚ್ಚಿತು. ಎದ್ದು ಹೋಗಿ ಮಗಳ ಕೈಯಿಂದ ಪುಸ್ತಕವನ್ನು ಕಸಿದುಕೊಂಡು, ‘ಸಿಹ್ರ್ ಹರಾಮ್ ಎಂಬುದು ನಿನಗೆ ಗೊತ್ತಿಲ್ಲವೇ?’ ಎಂದು ಎಲ್ಲರೆದುರು ಗದರಿಸಿ, ಅದನ್ನು ಅಲ್ಮಾರಿಯ ಮೇಲೆ ಎಸೆದೆವು. ಆಕೆ ಮರುಮಾತಾಡಲಿಲ್ಲ. ನಾವು ಅದನ್ನು ವಿಧೇಯತೆಯೆಂದು ತಿಳಿದು ಸಂತೋಷಪಟ್ಟೆವು.

ಅದೇ ವರ್ಷದ ಮಳೆಗಾಲದಲ್ಲಿ ನಮ್ಮ ತಾಯಿಯವರು ಅಲ್ಲಾಹನ ಕರೆಗೆ ಓಗೊಟ್ಟರು. ಕೊನೆಯ ರಾತ್ರಿ ಅವರ ಹಾಸಿಗೆಯ ಬಳಿ ಕುಳಿತು ಯಾಸೀನ್ ಓದಿದವಳು ಇದೇ ಮಗಳು. ಅವರ ಕೈ ತಣ್ಣಗಾದಾಗ ಆ ಕೈ ಆಕೆಯ ಕೈಯಲ್ಲಿತ್ತು. ನಾವು ಬಂಧುಗಳಿಗೆ ತಿಳಿಸುವ, ಕಫನ್ ತರುವ ಗಡಿಬಿಡಿಯಲ್ಲಿದ್ದೆವು. ಮಗಳಿಗೆ ‘ಸಬ್ರ್ ಮಾಡು’ ಎಂದಷ್ಟೇ ಹೇಳಿದೆವು. ಆಕೆ ಅಳಲಿಲ್ಲ, ಆಮೇಲೂ ದಾದಿಯ ಮಾತೆತ್ತಲಿಲ್ಲ. ಇಶಾ ನಮಾಝಿನ ನಂತರ ಶಾಲೆಯ ಸುದ್ದಿಯನ್ನೆಲ್ಲ ನಮ್ಮ ಮುಂದೆ ಸುರಿಯುತ್ತಿದ್ದ ಹುಡುಗಿ ಮೆಲ್ಲಮೆಲ್ಲನೆ ‘ಹೌದು’, ‘ಇಲ್ಲ’ ಎಂಬ ಎರಡು ಮಾತಿಗೆ ಇಳಿದಳು. ಬೆಳೆಯುವ ಹೆಣ್ಣುಮಗಳು ಗಂಭೀರಳಾಗುತ್ತಿದ್ದಾಳೆ ಎಂದುಕೊಂಡೆವು.

ಕಳೆದ ಬೇಸಿಗೆಯಲ್ಲಿ ತಂಗಿಯ ಮಕ್ಕಳು ಮತ್ತೆ ಬಂದರು. ಒಂದು ರಾತ್ರಿ ಕರೆಂಟ್ ಹೋಗಿ ಸೆಕೆ ತಾಳಲಾಗದೆ ಮಕ್ಕಳೆಲ್ಲ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡರು. ನಾವು ಕೆಳಗೆ ನಡುಮನೆಯಲ್ಲಿ ಮಲಗಿದ್ದೆವು. ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ ಬೆಳಕನ್ನಷ್ಟೇ ಅಲ್ಲ, ಮಾತನ್ನೂ ಕೆಳಗಿಳಿಸುತ್ತದೆ. ಮೇಲೆ ಭಾರಿ ವಾದ ನಡೆದಿತ್ತು. ಯಾವ ಕಥಾಮಾಲೆ ದೊಡ್ಡದು? ತಂಗಿಯ ಮಗ ಪರ್ಸಿ ಜಾಕ್ಸನ್‌ನ ಪಕ್ಷ. ಅವನ ಅಕ್ಕ, ಕಾಲೇಜು ಓದುವವಳು, ನಾರ್ನಿಯಾದ ಪಕ್ಷ. ಹ್ಯಾರಿ ಪಾಟರ್‌ನ ಪಕ್ಷ ಹಿಡಿದು ಇಬ್ಬರನ್ನೂ ಎದುರಿಸುತ್ತಿದ್ದ ದನಿ ನಮ್ಮ ಮಗಳದು.

ಆಕೆ ಮಾತಾಡುತ್ತಿದ್ದದ್ದು ನಾವು ಕಸಿದುಕೊಂಡ ಮೊದಲ ಪುಸ್ತಕದ ಬಗ್ಗೆಯಲ್ಲ; ಐದನೆಯದರ ಬಗ್ಗೆ, ಏಳನೆಯದರ ಬಗ್ಗೆ. ಗೆಳತಿಯರಿಂದ, ಅತ್ತೆಯ ಮನೆಯಿಂದ ತಂದು ಅಷ್ಟನ್ನೂ ಓದಿ ಮುಗಿಸಿದ್ದಳು. ಅದೂ ನಮಗೆ ತಿಳಿಯದಂತೆ. ಮೈ ಬಿಸಿಯಾಯಿತು, ಎದ್ದು ಕೂಗಬೇಕೆನ್ನುವಷ್ಟರಲ್ಲಿ ಆಕೆಯ ಮುಂದಿನ ಮಾತು ಕೇಳಿಸಿತು.

‘ಐದನೆಯ ಪುಸ್ತಕದಲ್ಲಿ ಥೆಸ್ಟ್ರಲ್ ಎಂಬ ಕುದುರೆಗಳು ಬರುತ್ತವೆ. ಎಲುಬಿನ ಮೈ, ದೊಡ್ಡ ರೆಕ್ಕೆ. ಸಾವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಅವು ಕಾಣುತ್ತವೆ. ಹ್ಯಾರಿಗೆ ಕಾಣುತ್ತವೆ, ಅವನ ಗೆಳೆಯನಿಗೆ ಕಾಣುವುದಿಲ್ಲ. ತನಗೆ ಬುದ್ಧಿಭ್ರಮಣೆಯಾಯಿತೋ ಏನೋ ಎಂದು ಅವನು ಹೆದರುತ್ತಾನೆ. ಆಗ ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ತನಗೂ ಕಾಣುತ್ತವೆ ಎನ್ನುತ್ತಾಳೆ. ದಾದಿ ಹೋದಮೇಲೆ ನನಗೂ ಹಾಗೆಯೇ ಆಗಿತ್ತು. ಎಲ್ಲರೂ ಊಟ ಮಾಡುತ್ತಿದ್ದರು, ಮಾತಾಡುತ್ತಿದ್ದರು. ನನಗೊಬ್ಬಳಿಗೇ ಏನೋ ಕಾಣುತ್ತಿದೆ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಲಾಗಲಿಲ್ಲ. ಆ ಪುಟ ಓದಿದ ದಿನ ಅತ್ತೆ.’

ನಮ್ಮ ಗಂಟಲು ಕಟ್ಟಿತು, ತಡೆಯಲಾರದೆ ಕೆಮ್ಮಿದೆವು. ಆ ಕ್ಷಣವೇ ಮೇಲಿನ ಮಾತು ನಿಂತಿತು. ಪಿಸುದನಿಯೂ ಇಲ್ಲ. ನಮ್ಮ ಕೆಮ್ಮಿಗೆ ನಮ್ಮ ಮಕ್ಕಳು ಹೀಗೆ ಉಸಿರು ಬಿಗಿಹಿಡಿಯುತ್ತಾರೆಂದು ಅಂದೇ ತಿಳಿದದ್ದು.

ಆ ರಾತ್ರಿ ನಿದ್ರೆ ಬರಲಿಲ್ಲ. ಮಕ್ಕಳಿಗೆ ಎಷ್ಟೋ ಬಾರಿ ಹೇಳಿದ್ದ ಕಥೆಯೊಂದು ನೆನಪಾಯಿತು. ಸೂರಃ ಸ್ವಾದ್‌ನ 21ನೆಯ ವಚನದಿಂದ ಬರುವ ಪ್ರವಾದಿ ದಾವೂದ್(ಅ)ರ ವೃತ್ತಾಂತವದು. ಇಬ್ಬರು ವ್ಯಾಜ್ಯಗಾರರು ಗೋಡೆ ಹತ್ತಿ ಅವರ ಪ್ರಾರ್ಥನಾ ಕೊಠಡಿಗೆ ಇಳಿಯುತ್ತಾರೆ. ತೊಂಬತ್ತೊಂಬತ್ತು ಕುರಿಗಳುಳ್ಳ ಸಹೋದರನು ತನ್ನ ಒಂದೇ ಒಂದು ಕುರಿಯನ್ನೂ ಕೇಳುತ್ತಿದ್ದಾನೆಂದು ಒಬ್ಬನು ದೂರುತ್ತಾನೆ. ಅದು ಅನ್ಯಾಯವೆಂದು ದಾವೂದ್(ಅ) ನುಡಿದುಬಿಡುತ್ತಾರೆ. ಮರುಗಳಿಗೆ ಅದು ತಮಗೊಡ್ಡಿದ ಪರೀಕ್ಷೆಯೆಂದು ಅರಿತು, ಬಾಗಿ ಕ್ಷಮೆ ಬೇಡುತ್ತಾರೆ. ಇನ್ನೊಬ್ಬನ ಮಾತು ಕೇಳುವ ಮೊದಲೇ ನುಡಿದದ್ದು ಅಲ್ಲಿನ ಲೋಪವೆಂದು ವಿವರಿಸಿದ ವ್ಯಾಖ್ಯಾನಕಾರರಿದ್ದಾರೆ. ಅಲೀ(ರ)ರನ್ನು ಯಮನಿಗೆ ನ್ಯಾಯಾಧೀಶರನ್ನಾಗಿ ಕಳುಹಿಸುವಾಗ ಪ್ರವಾದಿವರ್ಯರು(ಸ) ನೀಡಿದ ಉಪದೇಶವೂ ಇದೇ: ಒಬ್ಬನ ಮಾತನ್ನು ಕೇಳಿದಂತೆಯೇ ಇನ್ನೊಬ್ಬನದನ್ನೂ ಕೇಳದೆ ತೀರ್ಪು ಕೊಡಬಾರದು. ಇದನ್ನು ನಾವು ವರ್ಷಗಳಿಂದ ಬೋಧಿಸುತ್ತಿದ್ದೆವು. ನಮ್ಮ ಮನೆಯ ವ್ಯಾಜ್ಯದಲ್ಲಿ ಮಾತ್ರ, ಅತಿಥಿಯೊಬ್ಬರ ನಗೆಯನ್ನೇ ಸಾಕ್ಷಿಯನ್ನಾಗಿ ಇಟ್ಟುಕೊಂಡು, ಪುಸ್ತಕದ ಮಾತನ್ನೂ ಮಗಳ ಮಾತನ್ನೂ ಕೇಳದೆ ತೀರ್ಪು ಕೊಟ್ಟಿದ್ದೆವು.

ಫಜ್ರ್ ನಮಾಝ್ ಮುಗಿಸಿ ಬಂದು ಸ್ಟೂಲ್ ಹತ್ತಿ ಅಲ್ಮಾರಿಯ ಮೇಲಿನ ಪುಸ್ತಕವನ್ನು ಇಳಿಸಿದೆವು. ಒಂದು ವರ್ಷದ ಧೂಳು. ನಮ್ಮ ಇಂಗ್ಲಿಷ್ ಸಾಧಾರಣದ್ದು. ಪಕ್ಕದಲ್ಲಿ ನಿಘಂಟನ್ನಿಟ್ಟುಕೊಂಡು ದಿನಕ್ಕೆ ಹತ್ತು ಪುಟದಂತೆ ಓದತೊಡಗಿದೆವು. ಮೂರನೆಯ ದಿನ ಮಗಳು ನಮ್ಮ ಕೈಯಲ್ಲಿ ಅದನ್ನು ಕಂಡು ಬಾಗಿಲಲ್ಲಿಯೇ ನಿಂತಳು. ‘ನಿಮ್ಮ ವಾದಕ್ಕೆ ನ್ಯಾಯಾಧೀಶರು ಬೇಕಿದ್ದರೆ ನಾವಿದ್ದೇವೆ. ಆದರೆ ಮೊದಲು ಮೂವರ ಪುಸ್ತಕವನ್ನೂ ಓದಬೇಕು’ ಎಂದೆವು. ತಂಗಿಯ ಮಗ ಕೂಡಲೇ ಓಡಿಹೋಗಿ ಪರ್ಸಿ ಜಾಕ್ಸನ್‌ನ ಮೊದಲ ಪುಸ್ತಕ ತಂದುಕೊಟ್ಟನು. ಆ ಬೇಸಿಗೆಯಲ್ಲಿ ನಾವು ಓದಿ ಮುಗಿಸಿದ್ದು ಕೆಲವನ್ನಷ್ಟೇ. ಉಳಿದವನ್ನು ಮಕ್ಕಳೇ ಪ್ರತಿರಾತ್ರಿ ಕಥೆಯಾಗಿ ಹೇಳಿದರು.

ಓದುತ್ತ ಹೋದಂತೆ ನಮ್ಮ ಬಾಲ್ಯವೂ ನೆನಪಾಯಿತು. ನಮ್ಮ ಕಾಲದಲ್ಲಿ ಜಗಳ ಚಂದಮಾಮ ದೊಡ್ಡದೋ ಬಾಲಮಿತ್ರ ದೊಡ್ಡದೋ ಎಂಬುದು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಚಂದಮಾಮದ ಪಕ್ಷ ನಮ್ಮದು. ಅದರ ಬೇತಾಳನ ಕಥೆಗಳ ಕೊನೆಯಲ್ಲಿ ಒಂದು ಪ್ರಶ್ನೆಯಿರುತ್ತಿತ್ತು: ಇವರಲ್ಲಿ ಹೆಚ್ಚಿನವರು ಯಾರು, ಯಾರದು ಸರಿ? ವಿಕ್ರಮನು ಉತ್ತರ ಹೇಳುವ ಮೊದಲು ನಾವು ಪುಸ್ತಕ ಮುಚ್ಚಿ ಗೆಳೆಯರೊಂದಿಗೆ ವಾದಿಸುತ್ತಿದ್ದೆವು. ಹೆಗಲ ಮೇಲೆ ಮಾತಾಡುವ ಹೆಣವಿದ್ದ ಆ ಕಥೆಗಳನ್ನು ಓದಿ ನಮ್ಮಲ್ಲಿ ಯಾರೂ ಮಾಂತ್ರಿಕರಾಗಲಿಲ್ಲ; ನ್ಯಾಯಾನ್ಯಾಯ ತೂಗುವ ರೂಢಿ ಮಾತ್ರ ಅಲ್ಲಿಂದ ಬಂತು.

ರಾತ್ರಿಯ ವೇಳೆ ನಮ್ಮ ತಾಯಿ ಹೇಳುತ್ತಿದ್ದದ್ದು ದಾಸ್ತಾನೆ ಅಮೀರ್ ಹಂಝಾದ ಕಥೆಗಳನ್ನು. ಉಮರ್ ಅಯ್ಯಾರ್ ಎಂಬ ಚತುರ. ಅವನ ಜಂಬೀಲ್ ಎಂಬ ಚೀಲದಲ್ಲಿ ಏನನ್ನು ಹಾಕಿದರೂ ಹಿಡಿಸುತ್ತದೆ. ಅವನ ಗಿಲೀಮ್ ಹೊದ್ದರೆ ಯಾರಿಗೂ ಕಾಣುವುದಿಲ್ಲ. ಅಕ್ಬರ್ ಬಾದಶಹನು ಈ ದಾಸ್ತಾನಿಗೆ ಬಟ್ಟೆಯ ಮೇಲೆ ಸುಮಾರು 1,400 ಚಿತ್ರಗಳನ್ನು ಬರೆಯಿಸಿದ್ದನು. ಇದೇ ದಾಸ್ತಾನಿನ ತಿಲಿಸ್ಮೆ ಹೋಶ್‌ರುಬಾ ಎಂಬ ಭಾಗ 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ ಸಂಪುಟ ಸಂಪುಟಗಳಾಗಿ ಹೊರಬಂತು. ಇದು ಪ್ರವಾದಿವರ್ಯರ(ಸ) ಚಿಕ್ಕಪ್ಪ ಹಂಝಾ(ರ)ರ ಹೆಸರಿಟ್ಟುಕೊಂಡ ಕಲ್ಪನೆಯೇ ಹೊರತು ಇತಿಹಾಸವಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ನಮ್ಮ ತಾಯಿಯೂ ಹೇಳುತ್ತಿದ್ದರು. ಇದನ್ನೆಲ್ಲ ಒಂದು ರಾತ್ರಿ ವಿವರಿಸಿದಾಗ ಮಗಳು ಚಪ್ಪಾಳೆ ತಟ್ಟಿದಳು: ‘ಹ್ಯಾರಿಗೂ ಮಾಯಾನಿಲುವಂಗಿಯಿದೆ. ಹರ್ಮಾಯ್ನಿಯ ಮಣಿಚೀಲದಲ್ಲಿ ಡೇರೆಯೇ ಹಿಡಿಸುತ್ತದೆ!’ ತಂಗಿಯ ಮಗನೂ ಬಿಡಲಿಲ್ಲ: ‘ನಮ್ಮ ಆನಾಬೆತ್‌ಳ ಟೋಪಿ ಹಾಕಿಕೊಂಡರೂ ಯಾರಿಗೂ ಕಾಣುವುದಿಲ್ಲ.’ ಹಾಗಾದರೆ ನಿಮ್ಮಿಬ್ಬರಿಗಿಂತ ದಾದಿಯೇ ಮುಂದು ಎಂದು ನಾವು ನಕ್ಕೆವು. ದಾದಿಯ ಹೆಸರು ಮನೆಯಲ್ಲಿ ನಗುವಿನೊಂದಿಗೆ ಬಂದದ್ದು ಎಷ್ಟೋ ತಿಂಗಳ ನಂತರ.

ಇನ್ನು ವಾದದ ವಿಷಯಕ್ಕೆ ಬರೋಣ. ನಮ್ಮ ಸಮುದಾಯದ ಹೆತ್ತವರಿಗೆ ಈ ಪುಸ್ತಕಗಳ ಒಳಗೇನಿದೆ ಎಂಬುದು ತಿಳಿಯಬೇಕಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಏಳು ಪುಸ್ತಕಗಳ ಮಾಲೆ. 1997ರಲ್ಲಿ ಆರಂಭವಾಗಿ 2007ರಲ್ಲಿ ಮುಗಿಯಿತು. ಆಕ್ಷೇಪವೆತ್ತಿದವರು ನಾವೇ ಮೊದಲಿಗರಲ್ಲ. 2000ರಿಂದ 2009ರ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದು ಈ ಮಾಲೆಯೇ. ಅಲ್ಲಿ ದೂರಿದವರಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ಆದರೆ ಪುಸ್ತಕ ತೆರೆದಾಗ ನಮಗೆ ಮೊದಲು ಸಿಕ್ಕಿದ್ದು ಮಂತ್ರದಂಡವಲ್ಲ, ಒಬ್ಬ ಯತೀಮ್ ಬಾಲಕ. ತಂದೆತಾಯಿಯಿಲ್ಲದ ಆ ಮಗುವನ್ನು ಸ್ವಂತ ದೊಡ್ಡಮ್ಮನೇ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸುತ್ತಾಳೆ. ಅನಾಥನನ್ನು ತಳ್ಳುವವನ ಬಗ್ಗೆ ಸೂರಃ ಅಲ್‌ಮಾಊನ್ ಏನನ್ನುತ್ತದೆಂಬುದನ್ನು ಬಲ್ಲ ಮಗುವಿಗೆ ಆ ಮನೆಯನ್ನು ಹೇಗೆ ನೋಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮಗಳ ಮುಖ್ಯ ವಾದ ಕೊನೆಯ ಪುಸ್ತಕದ ಮೇಲೆ ನಿಂತಿತ್ತು. ಖಳನಾದ ವೋಲ್ಡೆಮಾರ್ಟ್ ಸಾವಿಗೆ ಹೆದರಿ, ಕೊಲೆಗಳ ಮೂಲಕ ತನ್ನ ಆತ್ಮವನ್ನು ಹರಿದು ಚೂರುಗಳನ್ನಾಗಿಸಿ ಬಚ್ಚಿಡುತ್ತಾನೆ. ಹ್ಯಾರಿಯಾದರೋ ಸಾವನ್ನು ಎದುರುಗೊಳ್ಳಲು ತಾನೇ ನಡೆದುಹೋಗುತ್ತಾನೆ. ಜಗತ್ತಿನ ಅತ್ಯಂತ ಬಲಶಾಲಿ ದಂಡವು ಕೈಗೆ ಬಂದಾಗ ಅದನ್ನು ತನಗಾಗಿ ಇಟ್ಟುಕೊಳ್ಳುವುದಿಲ್ಲ. ‘ಅಬ್ಬಾ, ಇದು ಜಾದೂ ಕಲಿಸುವ ಪುಸ್ತಕವಲ್ಲ. ಸಾಯಲೇಬೇಕೆಂಬುದನ್ನು ಒಪ್ಪಿಕೊಳ್ಳುವ ಪುಸ್ತಕ’ ಎಂದಳು. ಹದಿನೈದರ ಹುಡುಗಿಗೆ ಈ ಮಾತು ಎಲ್ಲಿಂದ ಬಂತೆಂಬುದು ನಮಗೆ ಈಗ ಗೊತ್ತಿತ್ತು.

ರಿಕ್ ರಿಯೋರ್ಡನ್ ಅವರ ಪರ್ಸಿ ಜಾಕ್ಸನ್ ಮಾಲೆಯ ಮೊದಲ ಐದು ಪುಸ್ತಕಗಳು 2005ರಿಂದ 2009ರವರೆಗಿನವು. ಲೇಖಕರು ಮೊದಲು ಶಾಲಾ ಶಿಕ್ಷಕರಾಗಿದ್ದವರು. ಓದಲು ತೊಡಕುಪಡುತ್ತಿದ್ದ, ಒಂದೆಡೆ ಗಮನ ನಿಲ್ಲದ ತಮ್ಮ ಮಗನಿಗೆ ಮಲಗುವಾಗ ಹೇಳಿದ ಕಥೆಯೇ ಮುಂದೆ ಪುಸ್ತಕವಾಯಿತು. ಅದರ ನಾಯಕನಿಗೂ ಅಕ್ಷರಗಳು ಕಣ್ಣ ಮುಂದೆ ತೇಲಾಡುತ್ತವೆ. ಶಾಲೆಯಿಂದ ಶಾಲೆಗೆ ಅವನನ್ನು ಹೊರಹಾಕುತ್ತಾರೆ. ಆದರೆ ಕಥೆ ಅವನನ್ನು ದಡ್ಡನೆನ್ನುವುದಿಲ್ಲ. ತಂಗಿಯ ಮಗ ಈ ಭಾಗವನ್ನು ಹೇಳುವಾಗ ದನಿ ತಗ್ಗಿಸಿದನು. ಅವನೂ ನಿಧಾನವಾಗಿ ಓದುವ ಹುಡುಗ. ಆ ಪುಸ್ತಕ ಮುಗಿಸಲು ಅವನಿಗೆ ನಾಲ್ಕು ತಿಂಗಳು ಬೇಕಾಗಿತ್ತಂತೆ. ಆಗ ನಮಗೆ ನಮ್ಮ ಮದ್ರಸಾದ ಬಾಲಕನೊಬ್ಬನ ನೆನಪಾಯಿತು. ಬಾ, ತಾ, ಸಾ ಅಕ್ಷರಗಳನ್ನು ಎಷ್ಟು ತಿದ್ದಿದರೂ ಅದಲುಬದಲು ಮಾಡುವ ಅವನನ್ನು ಸೋಮಾರಿಯೆಂದು ನಾವು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆವು. ತಡವರಿಸುತ್ತ, ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಎರಡು ಪ್ರತಿಫಲವಿದೆಯೆಂಬ ಹದೀಸನ್ನು ಕಂಠಪಾಠ ಮಾಡಿದ್ದವರು ನಾವೇ. ರಜೆ ಮುಗಿದು ಪಾಠ ಆರಂಭವಾದ ದಿನ ಅವನನ್ನು ಕರೆದು ನಮ್ಮ ಪಕ್ಕದಲ್ಲಿ ಕೂರಿಸಿಕೊಂಡೆವು. ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಬರೆದು ಬೆರಳಿನಿಂದ ತಿದ್ದಿಸುತ್ತಿದ್ದೇವೆ. ನಿಧಾನವಾದರೂ ಮುಂದೆ ಸಾಗುತ್ತಿದ್ದಾನೆ, ಅಲ್‌ಹಮ್ದುಲಿಲ್ಲಾಹ್.

ಪರ್ಸಿಯ ಕಥೆಯಲ್ಲಿ ನಮಗೆ ಕಾಡಿದ ದೊಡ್ಡ ಪ್ರಶ್ನೆ ಜಾದೂವಿನದಲ್ಲ, ತೌಹೀದಿನದು. ಅಲ್ಲಿ ಗ್ರೀಕರ ಹಲವು ದೇವತೆಗಳಿದ್ದಾರೆ, ಅವರಿಗೆ ಮಕ್ಕಳಿದ್ದಾರೆ. ನಾಯಕನೇ ಸಮುದ್ರದೇವತೆಯ ಮಗ. ‘ಇದನ್ನು ಹೇಗೆ ಸಮರ್ಥಿಸುತ್ತೀ?’ ಎಂದು ಹುಡುಗನನ್ನು ಕೇಳಿದೆವು. ಅವನು ತಲೆ ಕೆರೆದುಕೊಂಡನು. ಉತ್ತರ ಕೊಟ್ಟವಳು ಎದುರು ಪಕ್ಷದ ನಮ್ಮ ಮಗಳು: ‘ಅಬ್ಬಾ, ಆ ದೇವತೆಗಳು ಸದಾ ಜಗಳವಾಡುತ್ತಾರೆ. ಒಬ್ಬರ ಆಯುಧ ಕಳವಾದರೆ ಜಗತ್ತಿಗೇ ಯುದ್ಧ ಬರುತ್ತದೆ. ಮಕ್ಕಳನ್ನು ಹುಟ್ಟಿಸಿ ಮರೆತುಬಿಡುತ್ತಾರೆ. ನೀವು ಕಲಿಸಿದ ಸೂರಃ ಅಲ್‌ಅಂಬಿಯಾದಲ್ಲಿ ಇದೇ ಅಲ್ಲವೇ ಇರುವುದು?’ ಆಕಾಶ ಭೂಮಿಗಳಲ್ಲಿ ಅಲ್ಲಾಹನ ಹೊರತು ಬೇರೆ ದೇವರುಗಳಿದ್ದರೆ ಅವೆರಡೂ ಕೆಟ್ಟುಹೋಗುತ್ತಿದ್ದವೆಂದು ಆ ಸೂರಃದ 22ನೆಯ ವಚನ ಹೇಳುತ್ತದೆ. ಹಾಗಿದ್ದರೆ ಪ್ರತಿಯೊಬ್ಬ ದೇವನೂ ತನ್ನ ಸೃಷ್ಟಿಯನ್ನು ಎತ್ತಿಕೊಂಡು ಹೋಗಿ ಒಬ್ಬರ ಮೇಲೊಬ್ಬರು ಏರಿಹೋಗುತ್ತಿದ್ದರೆಂದು ಅಲ್‌ಮುಅ್‌ಮಿನೂನ್‌ನ 91ನೆಯ ವಚನ. ನಾವು ತರ್ಕವೆಂದು ಕಲಿಸಿದ್ದನ್ನು ಮಕ್ಕಳು ಕಥೆಯಲ್ಲಿ ಗುರುತಿಸಿದ್ದರು. ಕೊನೆಯಲ್ಲಿ ಪರ್ಸಿಗೆ ದೇವತೆಗಳು ಅಮರತ್ವ ಕೊಡಲು ಬಂದಾಗ ಅವನು ಬೇಡವೆನ್ನುತ್ತಾನೆ. ಬದಲಾಗಿ, ಮರೆತುಹೋದ ಮಕ್ಕಳನ್ನೆಲ್ಲ ತಮ್ಮವರೆಂದು ಒಪ್ಪಿಕೊಳ್ಳುವಂತೆ ಕೇಳುತ್ತಾನೆ. ಆ ಮಾತು ಕೇಳಿ ನಾವು ಸುಮ್ಮನೆ ಕುಳಿತೆವು. ಒಪ್ಪಿಕೊಳ್ಳಬೇಕಾದ ತಂದೆಯಂದಿರು ಆ ಕಥೆಯಲ್ಲಿ ಮಾತ್ರ ಇರಲಿಲ್ಲ.

ಸಿ.ಎಸ್. ಲೂಯಿಸ್ ಅವರ ನಾರ್ನಿಯಾ 1950ರಿಂದ 1956ರವರೆಗೆ ಬಂದ ಏಳು ಪುಸ್ತಕಗಳ ಮಾಲೆ; ಕ್ರೈಸ್ತ ಶ್ರದ್ಧೆಯನ್ನು ಸಿಂಹವೊಂದರ ಕಥೆಯಾಗಿ ಹೇಳುವಂಥದು. ಆ ಸಿಂಹದ ಹೆಸರು ಅಸ್ಲಾನ್. ತುರ್ಕಿ ಭಾಷೆಯಲ್ಲಿ ಅದರ ಅರ್ಥವೇ ಸಿಂಹ. ಇಲ್ಲಿ ನಮ್ಮ ಮಕ್ಕಳು ಎಚ್ಚರದಿಂದ ಓದಬೇಕಾದ ಭಾಗವಿದೆ. ಪೇಟ ಸುತ್ತಿ ಬಾಗಿದ ಕತ್ತಿ ಹಿಡಿದ ಕಂದುಬಣ್ಣದ ಕ್ಯಾಲೋರ್ಮೆನ್ ಜನರನ್ನು ಲೇಖಕರು ಬಹುತೇಕ ಕ್ರೂರಿಗಳೆಂದೇ ಚಿತ್ರಿಸುತ್ತಾರೆ. ತಂಗಿಯ ಮಗಳು ಅದನ್ನು ಮುಚ್ಚಿಡಲಿಲ್ಲ. ‘ಅದು ತಪ್ಪೇ. ಆದರೆ ಕೊನೆಯ ಪುಸ್ತಕದಲ್ಲಿ ಅದೇ ಜನರ ಒಬ್ಬ ಸೈನಿಕನಿದ್ದಾನೆ. ಅವನು ಪ್ರಾಮಾಣಿಕನಾಗಿ ಸತ್ಯವನ್ನು ಹುಡುಕಿದವನೆಂದು ಸಿಂಹವು ಅವನನ್ನು ಬರಮಾಡಿಕೊಳ್ಳುತ್ತದೆ’ ಎಂದಳು. ತನ್ನ ಪಕ್ಷದ ಕುಂದನ್ನು ತಾನೇ ಮೊದಲು ಹೇಳಿದ ಆ ನ್ಯಾಯಬುದ್ಧಿ ನಮಗೆ ಮೆಚ್ಚುಗೆಯಾಯಿತು. ಒಂದು ಜನರ ಮೇಲಿನ ದ್ವೇಷವೂ ನ್ಯಾಯದಿಂದ ನಮ್ಮನ್ನು ಕದಲಿಸಬಾರದೆಂಬುದು ಸೂರಃ ಅಲ್‌ಮಾಇದಾದ ಆದೇಶ. ಅಂದಮೇಲೆ ಒಂದು ಪುಸ್ತಕದ ಮೇಲಿನ ಪ್ರೀತಿಯೂ ಕದಲಿಸಬಾರದು.

ಇನ್ನು ಸಿಹ್ರ್‌ನ ಪ್ರಶ್ನೆ. ಇದನ್ನು ನಾವು ಹಗುರವಾಗಿ ಬಿಡಲಿಲ್ಲ. ಮಾಟವು ನಾಶಕಾರಿಯಾದ ಏಳು ಮಹಾಪಾಪಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾರೂತ್ ಮಾರೂತ್‌ರ ಪ್ರಸಂಗವನ್ನೂ, ಹಗ್ಗ ಕೋಲುಗಳನ್ನು ಹರಿದಾಡುವ ಹಾಗೆ ತೋರಿಸಿದ ಫಿರ್‌ಔನನ ಮಾಂತ್ರಿಕರು ಮೂಸಾ(ಅ)ರ ಮುಂದೆ ಸಾಷ್ಟಾಂಗವೆರಗಿದ್ದನ್ನೂ ಮಕ್ಕಳಿಗೆ ಬಿಡಿಸಿ ಹೇಳಿದೆವು. ಮೂರರಲ್ಲಿ ಎರಡು ಮಾಲೆಗಳ ಕಥೆಯನ್ನು ಭವಿಷ್ಯವಾಣಿ ನಡೆಸುತ್ತದೆ. ಅದೃಶ್ಯದ ಅರಿವು ಅಲ್ಲಾಹನಿಗೆ ಮಾತ್ರ ಸೇರಿದ್ದೆಂಬುದನ್ನು ಅಲ್ಲಿ ನೆನಪಿಸಬೇಕು. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ಪ್ರತಿವರ್ಷ ಹತ್ತು ಬಗೆಯ ಅರ್ಥ ಹೇಳುವುದನ್ನು ಕೇಳುತ್ತ ಬೆಳೆಯುವ ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ಆದರೆ ಮಾಟವನ್ನು ಕಲಿಯುವುದು, ಮಾಡುವುದು, ಮಾಡಿಸುವುದು ಬೇರೆ. ಕಲ್ಪನೆಯೆಂದು ತಿಳಿದೇ ಕಥೆಯೊಂದನ್ನು ಓದುವುದು ಬೇರೆ ಎಂಬ ನಿಲುವಿಗೆ ನಾವು ಬಂದಿದ್ದೇವೆ. ಇದು ಫತ್ವಾ ಅಲ್ಲ. ಬೇರೆ ಅಭಿಪ್ರಾಯದ ವಿದ್ವಾಂಸರಿದ್ದಾರೆ, ಅವರ ಬಗ್ಗೆ ನಮಗೆ ಗೌರವವಿದೆ. ಒಂದು ಮಾತನ್ನು ಮಾತ್ರ ಕೇಳಬೇಕೆನಿಸುತ್ತದೆ. ಮಾಟ ತೆಗೆಯುತ್ತೇವೆಂದು ಹಣ ಪಡೆಯುವವರ ಬಾಗಿಲಿಗೆ ನಮ್ಮ ಹಳ್ಳಿಗಳ ಎಷ್ಟು ಕುಟುಂಬಗಳು ಹೋಗುವುದಿಲ್ಲ? ಮಗುವಿಗೆ ಜ್ವರ ಬಂದರೆ, ವ್ಯಾಪಾರ ಕೆಟ್ಟರೆ, ಸೊಸೆಯ ಮೇಲೆ, ನೆರೆಯವರ ಮೇಲೆ ಸಂಶಯ. ಕಣಿ ಹೇಳುವವನ ಬಳಿ ಹೋಗಿ ಕೇಳಿದವನ ನಲವತ್ತು ದಿನಗಳ ನಮಾಝ್ ಸ್ವೀಕೃತವಾಗುವುದಿಲ್ಲವೆಂಬ ಹದೀಸ್ ಇವರಿಗೆ ಅನ್ವಯಿಸುವುದಿಲ್ಲವೇ? 2017ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲವು ವಾಮಾಚಾರದ ವಿರುದ್ಧ ಕಾಯ್ದೆಯನ್ನೇ ಅಂಗೀಕರಿಸಬೇಕಾಯಿತು. ಅದಕ್ಕೆ ಕಾರಣ ಹ್ಯಾರಿ ಪಾಟರ್ ಓದಿದ ಮಕ್ಕಳಲ್ಲ, ದೊಡ್ಡವರು. ಮಕ್ಕಳ ಕೈಯ ಪುಸ್ತಕವನ್ನು ಕಸಿಯುವ ಮೊದಲು ನಾವು ನಮ್ಮ ತೋಳಿನ ದಾರಗಳನ್ನು ನೋಡಿಕೊಳ್ಳಬೇಕಾಗಿದೆ.

ನಮ್ಮ ಮನಸ್ಸನ್ನು ನಿಲ್ಲಿಸಿದ್ದು ಅಬೂದಾವೂದ್‌ರ ಸಂಗ್ರಹದಲ್ಲಿರುವ ಒಂದು ಹದೀಸ್. ಪ್ರವಾದಿವರ್ಯರು(ಸ) ಯಾತ್ರೆಯೊಂದರಿಂದ ಮರಳಿದ್ದರು. ಗಾಳಿಗೆ ಪರದೆ ಸರಿದು ಆಯಿಶಾ(ರ)ರ ಆಟದ ಗೊಂಬೆಗಳು ಕಂಡವು. ನಡುವೆ ಒಂದು ಕುದುರೆ, ಅದಕ್ಕೆ ಬಟ್ಟೆಯ ಎರಡು ರೆಕ್ಕೆ. ಇದೇನೆಂದು ಪ್ರವಾದಿವರ್ಯರು(ಸ) ಕೇಳಿದರು. ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದರು. ಸುಲೈಮಾನ್(ಅ)ರಿಗೆ ರೆಕ್ಕೆಯುಳ್ಳ ಕುದುರೆಗಳಿದ್ದುದನ್ನು ನೀವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆಹಲ್ಲುಗಳು ಕಾಣುವಂತೆ ನಕ್ಕರು.

ಈ ಹದೀಸನ್ನು ನಾವು ಹಲವು ಬಾರಿ ಓದಿದ್ದೆವು. ಈ ಸಲ ಅದರ ಕ್ರಮ ಕಣ್ಣಿಗೆ ಬಿತ್ತು. ಅವರು ಮೊದಲು ಕೇಳಿದರು. ಉತ್ತರವನ್ನು ಪೂರ್ತಿಯಾಗಿ ಆಲಿಸಿದರು. ನಕ್ಕರು. ನಾವಾದರೋ ಕೇಳಲಿಲ್ಲ, ಆಲಿಸಲಿಲ್ಲ. ಬೇರೆಯವರ ನಗೆಗೆ ಅಂಜಿ ಕಸಿದುಕೊಂಡೆವು.

ರಜೆಯ ಕೊನೆಯ ರಾತ್ರಿ ಮಾಳಿಗೆಯ ಮೇಲೆ ತೀರ್ಪಿನ ಸಭೆ ಸೇರಿತು. ಈ ಬಾರಿ ನಾವೂ ಚಾಪೆಯ ಮೇಲಿದ್ದೆವು. ಸಾವನ್ನು ಕುರಿತು ಯೋಚಿಸಲು ಹ್ಯಾರಿ ಪಾಟರ್, ಹಿಂದೆ ಬಿದ್ದ ಮಗುವಿಗೆ ಕೈ ಕೊಡಲು ಪರ್ಸಿ ಜಾಕ್ಸನ್, ಸೊಗಸಾದ ಕಥೆಯಲ್ಲಿಯೂ ಪೂರ್ವಗ್ರಹ ಅಡಗಿರಬಲ್ಲದೆಂದು ಕಲಿಯಲು ನಾರ್ನಿಯಾ ಎಂದೆವು. ಮೂವರೂ ಒಪ್ಪಲಿಲ್ಲ, ‘ಒಂದನ್ನು ಹೇಳಿ’ ಎಂದು ಪಟ್ಟು ಹಿಡಿದರು. ಹ್ಯಾರಿ ಪಾಟರ್ ಎಂದೆವು. ತಂಗಿಯ ಮಗ, ‘ಮಗಳ ಪಕ್ಷವಹಿಸಿದಿರಿ’ ಎಂದು ಕೂಗಿದನು. ಇರಬಹುದು. ಆ ಪುಸ್ತಕಕ್ಕೆ ನಮ್ಮ ಮೇಲೊಂದು ಋಣವಿತ್ತು.

ನಂತರ, ಎಲ್ಲರೆದುರಿಗೇ ಗದರಿಸಿದ್ದರಿಂದ ಎಲ್ಲರೆದುರಿಗೇ, ಮಗಳಿಗೆ ಹೇಳಿದೆವು: ‘ಅಂದು ನಾವು ಆ ಪುಸ್ತಕದ ಒಂದು ಪುಟವನ್ನೂ ಓದಿರಲಿಲ್ಲ. ತಿಳಿಯದೆ ತೀರ್ಪು ಕೊಟ್ಟೆವು. ಕ್ಷಮಿಸು.’ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಾನೂ ನಿಮಗೆ ಹೇಳದೆ ಓದಿದೆ. ಅದು ತಪ್ಪೆಂದು ಪ್ರತಿದಿನ ಅನ್ನಿಸುತ್ತಿತ್ತು’ ಎಂದಳು. ಬಳಿಕ ದಾದಿಯ ಕೊನೆಯ ರಾತ್ರಿಯನ್ನು ಮೊದಲ ಬಾರಿಗೆ ಹೇಳಿದಳು: ಯಾಸೀನ್‌ನ ಯಾವ ವಚನಕ್ಕೆ ಬಂದಾಗ ಉಸಿರು ನಿಂತಿತು, ಕೈ ಹೇಗೆ ಹಗುರವಾಯಿತು, ನಿಲ್ಲಿಸಬೇಕೋ ಓದು ಮುಂದುವರಿಸಬೇಕೋ ತಿಳಿಯದೆ ಹೇಗೆ ಕೊನೆಯವರೆಗೂ ಓದಿದಳು. ಹೇಳುತ್ತ ಅತ್ತಳು. ನಾವೂ ಅತ್ತೆವು. ನಮ್ಮ ತಾಯಿಯ ಮರಣದ ಸಾಕ್ಷಿಯೊಬ್ಬಳು ಹತ್ತು ತಿಂಗಳು ನಮ್ಮ ಮನೆಯಲ್ಲಿಯೇ ಇದ್ದಳು. ನಾವು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಮಕ್ಕಳ ಪುಸ್ತಕಗಳನ್ನೆಲ್ಲ ಕಣ್ಣುಮುಚ್ಚಿ ಒಪ್ಪಿರೆಂದು ನಾವು ಹೇಳುತ್ತಿಲ್ಲ. ಬೇಡವೆನ್ನಬೇಕಾದವೂ ಇವೆ, ಬೇಡವೆನ್ನುವುದು ತಂದೆತಾಯಿಯ ಹಕ್ಕು, ಕೆಲವೊಮ್ಮೆ ಕರ್ತವ್ಯ. ಆದರೆ ಮೊದಲು ಓದಿರಿ. ಓದಲು ಬಾರದಿದ್ದರೆ ಮಗುವನ್ನೇ ಕೂರಿಸಿ ಕಥೆ ಹೇಳಿಸಿರಿ. ಅದರಲ್ಲಿ ನಿನಗೇನು ಇಷ್ಟವಾಯಿತು ಎಂದು ಕೇಳಿರಿ. ಬರುವ ಉತ್ತರ ಪುಸ್ತಕದ ಬಗ್ಗೆ ಹೇಳುವುದಕ್ಕಿಂತ ಹೆಚ್ಚನ್ನು ನಿಮ್ಮ ಮಗುವಿನ ಬಗ್ಗೆ ಹೇಳುತ್ತದೆ. ಬೇಡವೆನ್ನಲೇಬೇಕಾದರೆ ನಾಲ್ವರ ಮುಂದೆ ಅಲ್ಲ, ಏಕಾಂತದಲ್ಲಿ, ಕಾರಣ ಸಹಿತ ಹೇಳಿರಿ.

ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಇಶಾ ನಂತರದ ಮಾತುಕತೆ ಮತ್ತೆ ಆರಂಭವಾಗಿದೆ. ನಾವೀಗ ಐದನೆಯ ಪುಸ್ತಕದಲ್ಲಿದ್ದೇವೆ; ಬಹಳ ದಪ್ಪನೆಯದು, ದಿನಕ್ಕೆ ಹತ್ತೇ ಪುಟ. ಆ ಕುದುರೆಗಳು ಬರುವ ಪುಟವನ್ನು ದಾಟಿದೆವು.

ಓ ಅಲ್ಲಾಹ್, ನಮ್ಮ ಮಕ್ಕಳ ವಿಷಯದಲ್ಲಿ ಅವಸರದ ತೀರ್ಪಿನಿಂದ ನಮ್ಮನ್ನು ಕಾಪಾಡು. ಅವರ ಮಾತನ್ನು ಆಲಿಸುವ ಕಿವಿಯನ್ನೂ, ನಮ್ಮ ತಪ್ಪನ್ನು ಅವರ ಮುಂದೆ ಒಪ್ಪಿಕೊಳ್ಳುವ ಧೈರ್ಯವನ್ನೂ ದಯಪಾಲಿಸು. ನಮ್ಮನ್ನು ಅಗಲಿದ ಹಿರಿಯರ ಕಬರ್‌ಗಳನ್ನು ಪ್ರಕಾಶಮಯಗೊಳಿಸು. ಆಮೀನ್.